ದಿನಾ ಆಕಾಶದಿಂದ ಬೀಳುವ ಮಾವ

ನಮ್ಮ ಸೋದರಮಾವ ದಿನಕ್ಕೆ ನಾಲ್ಕು ಸಲ ಆಕಾಶದಿಂದ ಬೀಳುತ್ತಾರೆ. ತಿಂಡಿಗೆ ಮುಂಚೆ ಎರಡು ಸಲ, ಸಂಜೆ ಕಾಫಿ ಆದಮೇಲೆ ಎರಡು ಸಲ. ಹಬ್ಬ ಹರಿದಿನ ಅಂತ ರಜೆ ಇಲ್ಲ! ಇಷ್ಟು ವರ್ಷಗಳಲ್ಲಿ ಒಂದು ಉಗುರೂ ಮುರಿದಿಲ್ಲ. ಹೇಗೆ ಮುರಿಯುತ್ತದೆ ಹೇಳಿ? ಅವರು ಬೀಳುವುದು ಹಾರನಹಳ್ಳಿಯ ಮನೆಯ ಜಗಲಿಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು.

ಎಡಗೈಯಲ್ಲಿ ಮಡಿಸಿದ ಛತ್ರಿ. ಅದು ವಿಮಾನದ ಮೂಗನ್ನು ಎತ್ತಿ ಇಳಿಸುವ ಸ್ಟಿಕ್ಕು. ಬಲಗೈ ಸ್ಟೂಲಿನ ಮೇಲಿಟ್ಟ ಚೊಂಬಿನ ಮೇಲೆ. ಅದು ಎಂಜಿನ್ನನ್ನು ಏರಿಸಿ ಇಳಿಸುವ ಥ್ರಾಟಲ್ಲು. ಕಾಲಡಿ ಎರಡು ಇಟ್ಟಿಗೆ, ಮೂಗನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಪೆಡಲ್ಲುಗಳು. ಛತ್ರಿಯನ್ನು ಮೆಲ್ಲಗೆ ಹೊಟ್ಟೆಯ ಕಡೆಗೆ ಎಳೆದುಕೊಳ್ಳುತ್ತಾರೆ. ಬಾಯಲ್ಲೇ "ಪೀ..." ಎಂದು ಎಚ್ಚರಿಕೆಯ ಪೀಪಿ ಊದುತ್ತಾರೆ. ಕುರ್ಚಿ ಗಡಗಡ ನಡುಗುತ್ತದೆ, ತಲೆ ಜೋತು ಬೀಳುತ್ತದೆ. ತಕ್ಷಣ ಛತ್ರಿ ಮುಂದಕ್ಕೆ, ಚೊಂಬು ಮುಂದಕ್ಕೆ. ಮಾವ ಬದುಕಿಕೊಂಡರು!

ಒಳಗಿನಿಂದ ಅತ್ತೆಯ ದನಿ ಬರುತ್ತದೆ: "ಇಳಿದ್ರಾ? ಇಳಿದಿದ್ರೆ ಆ ಚೊಂಬು ಕೊಡಿ, ನೀರು ತುಂಬ್ಬೇಕು."

ಇದಕ್ಕೆ ಹಿನ್ನೆಲೆ ಇದೆ. ಮೂವತ್ತು ಚಿಲ್ಲರೆ ವರ್ಷಗಳ ಹಿಂದೆ ಮಾವ ಪೈಲಟ್ ಆಗುತ್ತೇನೆಂದು ಹೊರಟರು. ಎಲ್ಲೋ ದೂರದ ಒಂದು ಫ್ಲೈಯಿಂಗ್ ಸ್ಕೂಲು, ಇಬ್ಬರು ಕೂರುವ ಪುಟ್ಟ ವಿಮಾನ, ಪಕ್ಕದಲ್ಲಿ ಹಿಂದಿ ಮಾತಾಡುವ ಮೀಸೆಯ ಸರ್. ಮೊದಮೊದಲು ಎಲ್ಲ ಸುಸೂತ್ರ. ಆಮೇಲೆ ಬಂತು ನೋಡಿ, ಸ್ಟಾಲ್ ಪಾಠ! ವಿಮಾನದ ಮೂಗನ್ನು ಎತ್ತುತ್ತಾ ಎತ್ತುತ್ತಾ ಹೋದರೆ ಒಂದು ಹಂತದಲ್ಲಿ ರೆಕ್ಕೆಗೆ ಗಾಳಿಯ ಹಿಡಿತ ತಪ್ಪುತ್ತದೆ, ವಿಮಾನ ಕುಸಿಯುತ್ತದೆ. ಅದೇ ಸ್ಟಾಲ್. ಆಗ ಸ್ಟಿಕ್ಕನ್ನು ಎಳೆಯಬಾರದು, ಮುಂದಕ್ಕೆ ತಳ್ಳಬೇಕು. ಮೂಗು ಇಳಿದರೆ ಮಾತ್ರ ರೆಕ್ಕೆಗೆ ಮತ್ತೆ ಗಾಳಿ ಸಿಗುತ್ತದೆ. ಬೀಳುವ ಹೊತ್ತಿನಲ್ಲಿ ನೆಲದ ಕಡೆಗೇ ಮುಖ ಮಾಡುವುದೆಂದರೆ ಯಾರ ಕೈ ತಾನೇ ಒಪ್ಪೀತು?

ಅದರಲ್ಲೂ ನಮ್ಮ ಮಾವನ ಕೈ! ಹತ್ತನೇ ವಯಸ್ಸಿನಿಂದ ಹಾರನಹಳ್ಳಿಯಿಂದ ಅರಸೀಕೆರೆ ಸಂತೆಗೆ ತೆಂಗಿನಕಾಯಿ ಗಾಡಿ ಹೊಡೆದ ಕೈ ಅದು. ಗಾಡಿ ಇಳಿಜಾರಿನಲ್ಲಿ ಜಾರಿದರೆ ಏನು ಮಾಡುತ್ತೀರಿ? ಹಗ್ಗ ಜಗ್ಗುತ್ತೀರಿ. ಮಾವನೂ ಜಗ್ಗಿದರು. ಎರಡೂ ಕೈಯಲ್ಲಿ ಸ್ಟಿಕ್ಕನ್ನು ಎದೆಗೆ ಎಳೆದುಕೊಂಡು, ಹಿಂದಕ್ಕೆ ವಾಲಿ, ಮೂರು ಸಾವಿರ ಅಡಿ ಮೇಲೆ "ಹೋ... ಹೋ... ನಿಂತ್ಕಳಲಾ!" ಎಂದು ಕೂಗಿದರಂತೆ.

ಸರ್ ಹೇಗೋ ವಿಮಾನವನ್ನು ಸರಿಮಾಡಿ, ಬೆವರು ಒರೆಸಿಕೊಂಡು ಹಿಂದಿಯಲ್ಲಿ ಕೇಳಿದರಂತೆ: "ಯಾರ ಜೊತೆ ಮಾತಾಡ್ತಿದ್ದೆ?"

"ಇದ್ರ ಜೊತೆ ಸರ್."

"ಅದಕ್ಕೆ ಕನ್ನಡ ಬರುತ್ತಾ?"

"ಗೊತ್ತಿಲ್ಲ ಸರ್. ನಮ್ ಎತ್ತುಗಳಿಗೆ ಬರುತ್ತೆ."

ಇದಾದ ಕೆಲವು ದಿನಕ್ಕೆ ಮಾವ ಟ್ರಂಕು ಹೊತ್ತುಕೊಂಡು ಊರಿಗೆ ಬಂದರು. "ಆ ಮೀಸೆ ನನ್ನ ಕಳಿಸ್ಬಿಡ್ತು. ಅವನಿಗೆ ಎತ್ತಿನ ಗಾಡಿ ಹೊಡೆಯೋಕೆ ಬಂದಿದ್ರೆ ನಾನಿವತ್ತು ದೊಡ್ಡ ವಿಮಾನ ಓಡಿಸ್ತಿದ್ದೆ," ಎಂದು ಈಗಲೂ ಹೇಳುತ್ತಾರೆ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತೇವೆ. ಮಾವನೂ ನಗುತ್ತಾರೆ. ತಪ್ಪೆಲ್ಲ ಮೀಸೆಯದು ಎಂದು ನಮ್ಮ ವಂಶದಲ್ಲಿ ಯಾವತ್ತೋ ತೀರ್ಮಾನವಾಗಿಬಿಟ್ಟಿತ್ತು.

ಊರಿಗೆ ಬಂದ ಮೇಲೆ ಅವರ ಪಾಠ ಬೇರೆಯವರ ಕಡೆ ತಿರುಗಿತು. ಅತ್ತೆ ಮುದ್ದೆ ತೊಳಸುವಾಗ ಪಕ್ಕದಲ್ಲಿ ನಿಂತು, "ನೋಡು, ಇದು ಸ್ಪಿನ್ನು. ಒಂದು ರೆಕ್ಕೆ ಮೊದಲು ಸೋತರೆ ವಿಮಾನ ಹಿಂಗೇ ಗಿರಗಿರ ಸುತ್ಕೊಂಡು ಬೀಳ್ತದೆ. ಆಗ ಅದು ಸುತ್ತೋ ಕಡೆಗೆ ಎದುರಾಗಿ ಕಾಲು ಒತ್ತಬೇಕು, ಎದುರಾಗಿ!" ಎನ್ನುತ್ತಾರೆ. ಅತ್ತೆ ಒಂದು ದಿನ ಕೋಲನ್ನು ಎದುರು ದಿಕ್ಕಿಗೆ ತಿರುಗಿಸಿದರು. ಕುದಿಯುವ ಹಿಟ್ಟು ಹಾರಿ ಮಾವನ ಮುಂಗೈ ಮೇಲೆ ಬಿತ್ತು. "ಏನ್ರೀ, ಸರಿಯಾಯ್ತಾ ನಿಮ್ಮ ಸ್ಪಿನ್ನು?" ಎಂದು ಕೇಳಿದರು ಅತ್ತೆ!

ಹಳೇಬೀಡಿನಲ್ಲಿ ಇನ್ನೊಂದು ರಾಮಾಯಣ. ಅಲ್ಲಿಗೆ ಹೋದರೆ ಮಾವ ದೇವಸ್ಥಾನದ ಕಡೆ ತಿರುಗಿಯೂ ನೋಡುವುದಿಲ್ಲ, ನೆಟ್ಟಗೆ ಕೆರೆ ಏರಿಗೆ ನಡೆಯುತ್ತಾರೆ. ಅಲ್ಲಿ ಹದ್ದುಗಳಿವೆ. "ನೋಡ್ರೀ, ರೆಕ್ಕೆ ನಡುಗ್ತಾ ಐತೆ, ಈಗ ಬಿತ್ತು ಅನ್ಕೋಬೇಡಿ, ಮೂಗು ಇಳಿಸ್ತು! ಹಾಂ, ಗಾಳಿ ಸಿಕ್ತು!" ಎಂದು ದೊಡ್ಡ ದನಿಯಲ್ಲಿ ವಿವರಿಸುತ್ತಾರೆ. ಒಂದು ಸಲ ಪ್ರವಾಸಿಗಳ ಬಸ್ಸಿಗೆ ಬಸ್ಸೇ ಶಿಲ್ಪ ಬಿಟ್ಟು ಬಂದು ಇವರ ಸುತ್ತ ನಿಂತುಬಿಟ್ಟಿತು. ಗೈಡು ಓಡೋಡಿ ಬಂದ. "ಸ್ವಾಮಿ, ಕೈ ಮುಗೀತೀನಿ. ಇವರು ಹೊಯ್ಸಳರನ್ನ ನೋಡೋಕೆ ಬಂದಿರೋರು."

"ಅವರು ಎಲ್ಲಿಗೋಗ್ತಾರಪ್ಪಾ, ಇಲ್ಲೇ ಇರ್ತಾರೆ. ಹದ್ದು ಹೋಗ್ಬಿಡ್ತದೆ," ಎಂದರು ಮಾವ.

ಜನ ನಕ್ಕು ಚದುರಿದರು. ಮಾವ ಮಾತ್ರ ಆ ಹದ್ದು ಚುಕ್ಕೆಯಾಗಿ ಕಾಣದಾಗುವವರೆಗೂ ಕತ್ತು ಎತ್ತಿಕೊಂಡೇ ಇದ್ದರು. ಬೇಲೂರಿನ ಬಸ್ಸು ತಪ್ಪಿಹೋಯಿತು. ಅದಕ್ಕಾಗಿ ಅವರು ಬೇಸರಪಟ್ಟಿದ್ದನ್ನು ನಾನು ಕಾಣಲಿಲ್ಲ.

ಇಂಥವರ ಅಕ್ಕನ ಮಗಳಾಗಿ ಹುಟ್ಟಿ ನಾನು ಇನ್ನೇನಾಗಲಿ? ಪೈಲಟ್ ತರಬೇತಿಗೆ ಸೇರಿದೆ. ಸ್ಪಿನ್ ಪಾಠ ಹತ್ತಿರವಾದಾಗ ರಜೆಗೆಂದು ಹಾರನಹಳ್ಳಿಗೆ ಬಂದಿದ್ದೆ. ಮಾವ ಬಿಡುತ್ತಾರೆಯೇ? ಅರಸೀಕೆರೆಯ ಅವರ ಗೆಳೆಯರ ಕ್ಷೌರದಂಗಡಿಗೆ ಕರೆದುಕೊಂಡು ಹೋದರು. ಮಂಗಳವಾರ, ಅಂಗಡಿಗೆ ರಜೆ. ಅರ್ಧ ಶಟರ್ ಎತ್ತಿ, ನನ್ನನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ, ಟವಲಿನಿಂದ ಬಿಗಿದು, ಗಿರ್ರನೆ ಸುತ್ತಿಸಿಬಿಟ್ಟರು!

"ಹೇಳು! ಮೊದ್ಲೇನು?"

"ಥ್ರಾಟಲ್ ಪೂರ್ತಿ ಹಿಂದಕ್ಕೆ!"

"ಆಮೇಲೆ?"

"ಎದುರು ಕಾಲು... ಸ್ಟಿಕ್ ಮುಂದಕ್ಕೆ... ಮಾವ, ನಿಲ್ಸಿ, ವಾಂತಿ!"

"ವಾಂತಿ ಪಾಠದಲ್ಲಿಲ್ಲ! ಆಮೇಲೇನು ಹೇಳು!"

ಅದೇ ಹೊತ್ತಿಗೆ ಯಾರೋ ಶಟರ್ ಕೆಳಗಿನಿಂದ ಬಗ್ಗಿ ನೋಡಿ ಓಡಿಹೋದರು. ಸಂಜೆಗೆ ನಾವು ಹಾರನಹಳ್ಳಿ ಮುಟ್ಟುವಷ್ಟರಲ್ಲಿ ಸುದ್ದಿ ನಮಗಿಂತ ಮುಂಚೆ ಟೆಂಪೋ ಹತ್ತಿ ಬಂದಿತ್ತು. ಹುಡುಗಿಗೆ ಏನೋ ಮೆಟ್ಟಿಕೊಂಡಿದೆಯಂತೆ, ಮಾವನೇ ಕಟ್ಟಿಹಾಕಿ ಬಿಡಿಸುತ್ತಿದ್ದನಂತೆ! ಪಕ್ಕದ ಮನೆಯ ಅಜ್ಜಿ ತಾಯತ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಕಟ್ಕಳವ್ವಾ, ಒಳ್ಳೇದಾಯ್ತದೆ." ಕಟ್ಟಿಸಿಕೊಂಡೆ. ಮಾವ ತಮಗೂ ಒಂದು ಕೇಳಿದರು.

ಎರಡು ವಾರಕ್ಕೆ ನನ್ನ ಮೊದಲ ಸ್ಪಿನ್ ಮುಗಿಯಿತು. ಇಳಿದ ಕೂಡಲೇ ಫೋನ್ ಮಾಡಿದೆ. "ಮಾವ, ಮಾಡ್ಬಿಟ್ಟೆ! ಎರಡೂವರೆ ಸುತ್ತು! ಸರಿಯಾಗಿ ಹೊರಗೆ ಬಂದೆ!"

ಭೇಷ್ ಎನ್ನಲಿಲ್ಲ ಅವರು. ಮೆಲ್ಲಗೆ ಕೇಳಿದರು: "ನೆಲ ಹೆಂಗೆ ಕಾಣ್ತು?"

"ರಾಗಿ ಬೀಸೋ ಕಲ್ಲಿನ ಥರ ತಿರುಗ್ತಿತ್ತು ಮಾವ. ಹೊಲ, ಕೆರೆ, ರಸ್ತೆ ಎಲ್ಲ."

"ಹೊಲ ಯಾವ ಬಣ್ಣ ಇತ್ತು?"

"ಹಸಿರು."

"ಕೆರೆಯಾಗೆ ನೀರಿತ್ತಾ?"

ಅದನ್ನು ನೋಡಿರಲಿಲ್ಲ. ಹಾಗೆಂದೆ. "ಮುಂದಿನ ಸಲ ನೋಡೆ," ಎಂದರು. ಆ ಮನುಷ್ಯನಿಗೆ ಇನ್ನೂ ಎಷ್ಟು ಆಸೆಯಿದೆ ಎನ್ನುವುದು ನನಗೆ ತಿಳಿದದ್ದು ಅವತ್ತು. ಜಗಲಿಯ ಕುರ್ಚಿಯನ್ನು ನೆನೆದು ಮೊದಲ ಸಲ ನಗು ಬರಲಿಲ್ಲ.

ಈಗ ನಾನೇ ಒಂದು ಫ್ಲೈಯಿಂಗ್ ಸ್ಕೂಲಿನಲ್ಲಿ ಪಾಠ ಹೇಳುವವಳಾಗಿದ್ದೇನೆ. ಕಳೆದ ತಿಂಗಳು ನಮ್ಮ ಮುಖ್ಯ ಶಿಕ್ಷಕರನ್ನು ಕಾಡಿ ಬೇಡಿ ಒಪ್ಪಿಸಿ, ಡಾಕ್ಟರಿಂದ ಮಾವನ ಕಿವಿ, ಕಣ್ಣು, ಗುಂಡಿಗೆ ಎಲ್ಲ ನೋಡಿಸಿ, ಒಂದು ಗಂಟೆಯ ಪರಿಚಯ ಪಾಠಕ್ಕೆ ಅವರನ್ನು ಕರೆಸಿಕೊಂಡೆ. ಮದುವೆಯ ಕೋಟು ಹಾಕಿಕೊಂಡು ಬಂದಿದ್ದರು! ಗುಂಡಿ ಹಾಕಲು ಆಗುತ್ತಿರಲಿಲ್ಲ, ಬೆಲ್ಟ್ ಬಿಗಿಯುವಾಗ ಉಸಿರು ಹಿಡಿದುಕೊಂಡು ಕೂತಿದ್ದರು.

ಸಾಕಷ್ಟು ಮೇಲೆ ಹೋದ ಮೇಲೆ ಮೂಗು ಎತ್ತಿದೆ. ಪೀಪಿ ಕೂಗಿತು, ವಿಮಾನ ನಡುಗಿತು. "ಮಾವ, ನಿಮ್ಮ ಕೈಗೆ," ಎಂದೆ. ಕುಸಿಯಿತು. ಮಾವನ ಕೈ ಬೆಣ್ಣೆ ತೆಗೆಯುವಷ್ಟು ಮೆತ್ತಗೆ ಮುಂದಕ್ಕೆ ಹೋಯಿತು. ರೆಕ್ಕೆಗೆ ಗಾಳಿ ಸಿಕ್ಕಿತು. ನನ್ನ ಯಾವ ವಿದ್ಯಾರ್ಥಿಯೂ ಮೊದಲ ಸಲ ಅಷ್ಟು ಚೆನ್ನಾಗಿ ಮಾಡಿಲ್ಲ, ದೇವರಾಣೆ!

"ಮಾವ! ನಿಮ್ಮನ್ನ ಕಳಿಸಿದ ಆ ಮೀಸೆ ಸರ್‌ಗೆ ಕಣ್ಣಿರಲಿಲ್ವಾ?"

ಮಾವ ಕಿಟಕಿಯ ಆಚೆ ನೋಡುತ್ತಿದ್ದರು. ಕಿವಿಯ ಹೆಡ್‌ಫೋನಿನಲ್ಲಿ ಅವರ ದನಿ ಬಹಳ ಹತ್ತಿರದಿಂದ ಕೇಳಿಸಿತು.

"ಅವರು ಕಳಿಸಲಿಲ್ಲ ಕಣೆ. ಒಳ್ಳೆ ಮನುಷ್ಯ ಅವರು. ಕಲೀತೀಯಾ ಬಿಡು ಅಂದಿದ್ರು. ಮಾರನೇ ದಿನ ಬೆಳಗ್ಗೆ ಏಳಕ್ಕೆ ಸ್ಪಿನ್ನು ಅಂತ ಬೋರ್ಡಿನ ಮ್ಯಾಲೆ ನನ್ನ ಹೆಸರು ಬರೆದಿದ್ರು. ನಾನೇ ಆವತ್ತು ಸಾಯಂಕಾಲ ರೈಲು ಹತ್ತಿ ಅರಸೀಕೆರೆಗೆ ಬಂದ್ಬಿಟ್ಟೆ. ಭಯ ಆಯ್ತು ಮಗಾ. ಯಾರಿಗೂ ಹೇಳಿಲ್ಲ. ನಿಮ್ಮತ್ತೆಗೂ ಹೇಳಿಲ್ಲ."

ವಿಮಾನ ತಿರುಗಿಸಿಕೊಂಡು ಬಂದು ಇಳಿಸಿದೆ. ನಮ್ಮ ಆಫೀಸಿನಲ್ಲೂ ಒಂದು ಬೋರ್ಡಿದೆ, ಮರುದಿನ ಯಾರು ಯಾವ ಪಾಠಕ್ಕೆ ಹಾರಬೇಕೆಂದು ಬರೆಯಲು. ಮುಖ್ಯ ಶಿಕ್ಷಕರ ಮುಖ ನೋಡಿದೆ. ನಮ್ಮಿಬ್ಬರ ಮುಖ ನೋಡಿ ಅವರಿಗೆ ಏನನ್ನಿಸಿತೋ, ಆಗಲಿ ಎಂಬಂತೆ ತಲೆಯಾಡಿಸಿದರು. ಬೆಳಿಗ್ಗೆ ಏಳು ಗಂಟೆಯ ಸಾಲಿನಲ್ಲಿ 'ಸ್ಪಿನ್' ಎಂದು ಬರೆದು, ಅದರ ಮುಂದೆ ಮಾವನ ಪೂರ್ತಿ ಹೆಸರನ್ನು ಇನಿಷಿಯಲ್ ಸಮೇತ ಬರೆದೆ.

ಮಾವ ಬೋರ್ಡಿನ ಮುಂದೆ ನಿಂತು ಓದಿದರು. ಇನ್ನೊಮ್ಮೆ ಓದಿದರು. ಕೋಟು ಮಡಿಸಿ ತೋಳಿಗೆ ಹಾಕಿಕೊಂಡು ತಾವು ಉಳಿದುಕೊಂಡಿದ್ದ ಲಾಡ್ಜಿನ ಕಡೆ ನಡೆದರು. ಆ ಸಂಜೆ ಅರಸೀಕೆರೆಗೆ ರೈಲಿತ್ತು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಫೋನ್ ಮಾಡಲಿಲ್ಲ. ಮಾಡಬಾರದು ಅನ್ನಿಸಿತು.

ಬೆಳಿಗ್ಗೆ ಆರಕ್ಕೆ ಗೇಟಿನ ಬಳಿ ಹೋದಾಗ ಕಾವಲಿನವನು, "ಮೇಡಂ, ಒಬ್ಬರು ಯಜಮಾನ್ರು ಐದು ಗಂಟೆಗೇ ಬಂದು ಕೂತವ್ರೆ," ಎಂದ.

ಮಾವ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ.

"ಭಯ ಹೋಯ್ತಾ ಮಾವ?"

"ಎಲ್ಲಿಗೆ ಹೋಗ್ತದೆ? ಅದನ್ನೂ ಜೊತೇಲೇ ಕರ್ಕೊಂಡು ಬಂದಿದೀನಿ," ಎಂದು ಎದ್ದು ನಿಂತರು. "ನಡಿ, ಹೊತ್ತಾಯ್ತು."