ಕಂಪನಿ ಬಸ್ಸಿನಲ್ಲಿ ಬಿಟ್ಟ ನಿಟ್ಟುಸಿರು

ರೂಪೇಶ ಆ ಬೆಳಿಗ್ಗೆ ನಿಟ್ಟುಸಿರು ಬಿಡದೆ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಬಿಡಲೇಬೇಕಿದ್ದರೆ ಸದಾಶಿವಗಡದ ತನ್ನ ಮನೆಯ ಹಿತ್ತಿಲಲ್ಲಿ ಬಿಟ್ಟು ಬರಬಹುದಿತ್ತು. ಅವನು ಬಿಟ್ಟದ್ದು ಕಂಪನಿ ಬಸ್ಸಿನಲ್ಲಿ, ಮಂಗಲಕ್ಕನ ಪಕ್ಕದಲ್ಲಿ ಕುಳಿತು, ಲಾರಿಯ ಗಾಲಿಯಿಂದ ಗಾಳಿ ಹೋದಂತೆ.

ಅಂಕೋಲೆಯಿಂದ ಹೊರಡುವ ಆ ಬಸ್ಸು ದಾರಿಯುದ್ದಕ್ಕೂ ಜನರನ್ನು ಹತ್ತಿಸಿಕೊಂಡು, ಮಾಜಾಳಿ ದಾಟಿ, ಗೋವೆಯ ಗಡಿಯಾಚೆಯ ಒಂದು ಮಾತ್ರೆ ಕಂಪನಿಗೆ ಹೋಗುತ್ತದೆ. ಹಿಂದಿನ ಸಂಜೆ ಆ ಕಂಪನಿಯ ಬೋರ್ಡಿನ ಮೇಲೆ ನೋಟಿಸು ಬಿದ್ದಿತ್ತು. ಪ್ಯಾಕಿಂಗಿನ ಪ್ರತಿ ಲೈನಿನಿಂದ ಒಬ್ಬರು ಕಡಿಮೆಯಾಗಬೇಕು. ತಾವಾಗಿ ಹೆಸರು ಕೊಟ್ಟು ಕೆಲಸ ಬಿಡುವವರಿಗೆ ಒಳ್ಳೆಯ ಪರಿಹಾರ. ಮರುದಿನ ಸಂಜೆಯೊಳಗೆ ಯಾರೂ ಮುಂದೆ ಬಾರದಿದ್ದರೆ ಕಂಪನಿಯೇ ಒಬ್ಬರನ್ನು ಆರಿಸುತ್ತದೆ.

ಮೂರನೆಯ ಲೈನಿನಲ್ಲಿದ್ದವರು ನಾಲ್ಕೇ ಜನ. ರೂಪೇಶ, ಮಗಳನ್ನು ನರ್ಸಿಂಗ್ ಓದಿಸುತ್ತಿರುವ ವಿಧವೆ ಮಂಗಲಕ್ಕ, ಅಂಕೋಲೆಯ ರೈತರ ಮನೆಯ ಜಟ್ಟಿ, ತನ್ನ ಮನೆಯಲ್ಲಿ ಮೊತ್ತಮೊದಲು ತಿಂಗಳ ಸಂಬಳ ಕಂಡ ಮಾಜಾಳಿಯ ಅಮಿತಾ.

ಉಳಿದವರಿಗೆ ಕೆಲಸ ಹೋದೀತೆಂಬ ಭಯ. ರೂಪೇಶನಿಗೆ ಹೋಗದೆ ಉಳಿದೀತೆಂಬ ಭಯ. ಅವನ ಬಾವ ಕುಪ್ಪ ತನ್ನ ಮೀನು ಹಿಡಿಯುವ ದೋಣಿಗೆ ಹೊಸ ಇಂಜಿನ್ನು ಹಾಕಿಸಲು ಪಾಲುದಾರನನ್ನು ಹುಡುಕುತ್ತಿದ್ದ. ಪರಿಹಾರದ ಹಣ ಸಿಕ್ಕರೆ, ಮಳೆಗಾಲದ ಮೀನುಗಾರಿಕೆ ಬಂದ್ ಮುಗಿದ ಕೂಡಲೇ ಬಾವನ ಜೊತೆ ಸಮುದ್ರಕ್ಕೆ! ವರ್ಷಗಟ್ಟಲೆ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಸುತ್ತಿಕೊಂಡು, ಹಾದುಹೋಗುವ ಮಾತ್ರೆಗಳನ್ನೇ ನೋಡುತ್ತ ಕುಳಿತವನಿಗೆ ಉಪ್ಪುಗಾಳಿ ಕುಡಿಯುವ ಆಸೆ. ಹೆಂಡತಿ ನಂದಿನಿಯೂ ಹೂಂ ಅಂದಿದ್ದಳು. ಆದರೆ ದುಡ್ಡು ಕಂಡದ್ದೇ ಮೊದಲು ಓಡಿದ ಅಂತ ಜನ ಅಂದುಕೊಂಡರೆ? ಬೇರೆ ಯಾರಿಗಾದರೂ ಬಿಡುವ ಮನಸ್ಸಿದ್ದರೆ? ಮೊದಲು ಅವರನ್ನು ಕೇಳುವುದೇ ಸರಿ ಎಂದುಕೊಂಡು ಬಾಯಿ ತೆರೆದ. ಮಾತಿನ ಬದಲು ನಿಟ್ಟುಸಿರು ಬಂತು.

"ಎಂತಾ ಆಯ್ತಾ ತಮ್ಮಾ?" ಎಂದಳು ಮಂಗಲಕ್ಕ.

"ಎಂತದ್ದೂ ಇಲ್ಲ ಅಕ್ಕಾ. ನಾನೇ ಹೆಸರು ಕೊಟ್ಟುಬಿಡ್ತೆ ಅಂತ..."

ಮಂಗಲಕ್ಕ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯಯ್ಯೋ! ಕೇಳ್ದ್ಯಾ ಜಟ್ಟಿ? ನಮ್ಮ ಸಲುವಾಗಿ ಈ ಹುಡ್ಗ ಕೆಲ್ಸ ಬಿಡ್ತಾನಂತೆ!"

ಹಿಂದಿನ ಸೀಟಿನಿಂದ ಜಟ್ಟಿಯ ತಲೆ ಮುಂದಕ್ಕೆ ಬಂತು. "ತಲೆ ಸಮ ಇದ್ಯಾ ನಿಂಗೆ? ಮನೇಲಿ ಬಸುರಿ ಹೆಂಡ್ತಿ. ಬಾಣಂತನಕ್ಕೆ ಅವಳಿಗೆ ಎಂತಾ, ಸಮುದ್ರದ ನೀರು ಕುಡಿಸ್ತ್ಯಾ?"

"ಇಲ್ಲ ಮಾರಾಯಾ, ನಾನು ಖುಷಿಯಿಂದ್ಲೇ ಬಿಡೂದು. ಕುಪ್ಪ ಬಾವ ದೋಣಿಗೆ ಪಾಲುದಾರ ಬೇಕಂತ ಹುಡುಕ್ತಾ ಇದ್ದ."

"ಖುಷಿಯಿಂದ್ಲಂತೆ!" ಅಮಿತಾಳ ಕಣ್ಣು ತುಂಬಿತು. "ನಮ್ಗೆ ಬೇಜಾರು ಆಗ್ಬಾರ್ದು ಹೇಳಿ ಸುಳ್ಳು ಬೇರೆ!"

ನಿಜ ಹೇಳಿದಷ್ಟೂ ತಾನು ದೊಡ್ಡ ಮನುಷ್ಯನಾಗುತ್ತಿರುವುದನ್ನು ಕಂಡು ರೂಪೇಶ ಬಾಯಿ ಮುಚ್ಚಿಕೊಂಡ.

ಕಂಪನಿ ತಲುಪಿದ ಮೇಲೆ ಮೂವರೂ ಅವನನ್ನು ಹೊಸ ಮದುಮಗನಂತೆ ಕಾಯತೊಡಗಿದರು. ನೀರು ಕುಡಿದು ಬರುತ್ತೇನೆಂದು ಹೊರಬಿದ್ದು ಎಚ್.ಆರ್. ಆಫೀಸಿನ ಕಡೆ ತಿರುಗುವಷ್ಟರಲ್ಲಿ ಜಟ್ಟಿ ಬಂದು ಅವನ ರಟ್ಟೆ ಹಿಡಿದ.

"ಆ ಬದಿಗೆ ಮುಖ ತೋರ್ಸಬೇಡ. ಕಂಡ್ರೆ ನೆನಪಾಗ್ತದೆ, ನೆನಪಾದ್ರೆ ಹೆಸರು ಬರೀತಾರೆ. ನಡಿ ಒಳಗೆ!"

ಒಳಗೆ ಇನ್ನೊಂದು ಪಜೀತಿ ಕಾದಿತ್ತು. ಪ್ಯಾಕಿಂಗ್ ಕೋಣೆಯಲ್ಲಿ ಎಲ್ಲರೂ ಬಿಳಿ ಗೌನು, ಬಿಳಿ ಟೋಪಿ, ಬಿಳಿ ಮಾಸ್ಕು. ಕಣ್ಣು ಬಿಟ್ಟರೆ ಮನುಷ್ಯನ ಗುರುತೇ ಇಲ್ಲ. ಆ ಹೊತ್ತಿಗೆ ಎಚ್.ಆರ್. ಆಫೀಸರ್ ಆಶಿಷ ಸಾಹೇಬರು ಮ್ಯಾನೇಜರ ಜೊತೆ ಒಂದು ಸುತ್ತು ಬಂದರು. ಬಂದ ಬಿಳಿ ಗೌನುಗಳು ಮೂರು. ದೇವರೇ ಇವರನ್ನು ಇಲ್ಲಿಗೆ ಕಳಿಸಿದ ಎಂದುಕೊಂಡು ರೂಪೇಶ ಅವರಲ್ಲಿ ಎತ್ತರದವರ ಎದುರು ಹೋಗಿ ನಿಂತ. ಮಶೀನಿನ ಸದ್ದಿಗೆ ಒಂದು ಮಾತೂ ಕೇಳುವಂತಿರಲಿಲ್ಲ. ಎದೆ ಮುಟ್ಟಿ ತೋರಿಸಿದ: ನಾನು. ಬಾಗಿಲ ಕಡೆ ಕೈ ಮಾಡಿದ: ಹೋಗುತ್ತೇನೆ. ಕೊನೆಗೆ ಕೈ ಮುಗಿದ.

ಎತ್ತರದ ಮನುಷ್ಯ ಗಾಬರಿಯಿಂದ ಹಿಂದೆ ತಿರುಗಿ ನೋಡಿದ. ಬಾಗಿಲಿಗೂ ರೂಪೇಶನಿಗೂ ನಡುವೆ ಮಶೀನು ಇತ್ತು. ಕೈ ಮಾಡಿದ್ದು ಅದಕ್ಕೇ ಎಂದುಕೊಂಡು ಆ ಮನುಷ್ಯ ಓಡಿಹೋಗಿ ಮಶೀನು ನಿಲ್ಲಿಸಿದ. ಅವನು ಆಶಿಷ ಸಾಹೇಬರಲ್ಲ, ಮೆಕ್ಯಾನಿಕ್ ರಾಮಾ.

"ಬ್ಲೇಡು ಬಿರುಕು ಬಿಟ್ಟದೆ ಸರ್!" ರಾಮಾ ಮಶೀನಿನೊಳಗಿಂದ ತಲೆ ಹೊರಗೆ ತೆಗೆದು ಕೂಗಿದ. "ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ರೆ ತುಂಡಾಗಿ ಮಾತ್ರೆಯೊಳಗೆ ಹೋಗ್ತಿತ್ತು! ಈ ರೂಪೇಶ ಹೆಂಗೆ ಕಂಡ್ಕಂಡ ಮಾರಾಯ್ರೆ?"

ಮ್ಯಾನೇಜರು ರೂಪೇಶನ ಬೆನ್ನು ತಟ್ಟಿದರು. "ಇಂಥವನು ಹೋಗಬಾರದು," ಎಂದು ಪಕ್ಕದ ಗಿಡ್ಡ ಗೌನಿನವರಿಗೆ ಹೇಳಿದರು. ಆಶಿಷ ಸಾಹೇಬರೆಂದರೆ ಆ ಗಿಡ್ಡ ಗೌನು. ಅದು ತಲೆಯಾಡಿಸಿ ಹೊರಟೇಹೋಯಿತು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಅಮಿತಾಳ ಡಬ್ಬಿಯ ಹುರಿದ ನೋಗ್ಲಿ ಮೀನು ಅವನ ತಟ್ಟೆಗೆ ಬಂತು. ಮಂಗಲಕ್ಕನ ಶೆಟ್ಲಿ ಸಿಗಡಿಯ ಸುಕ್ಕವೂ ಬಂತು. ಜಟ್ಟಿ ಮಕ್ಕಳಿಗೂ ಕೊಡದೆ ಎತ್ತಿಟ್ಟಿದ್ದ ಇಶಾಡು ಮಾವಿನ ಹಣ್ಣನ್ನು ಹೆಚ್ಚಿ ಮುಂದಿಟ್ಟ. ತಾವು ಮೂವರೂ ಬರೀ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡರು. ಇಂಥ ಜನರನ್ನು ಬಿಟ್ಟು ಹೋಗಬೇಕಲ್ಲ ಎಂದು ರೂಪೇಶನಿಗೆ ಮೊದಲ ಸಲ ಅನಿಸಿತು. ಆದರೂ ತಾನು ಹೋದರೆ ಇವರಲ್ಲಿ ಒಬ್ಬರ ಕೆಲಸವಾದರೂ ಉಳಿಯುತ್ತದೆ. ಆಸೆಯ ಜೊತೆ ಪುಣ್ಯವೂ ಸೇರಿತೆಂದು ಸಮಾಧಾನ ಮಾಡಿಕೊಂಡ.

ಊಟದ ಮೇಲೆ ಕಾವಲು ಸಡಿಲವಾಯಿತು. ಮಂಗಲಕ್ಕ ತಲೆನೋವಿನ ಮಾತ್ರೆ ತರುತ್ತೇನೆಂದು ಹೋದಳು. ಮಾತ್ರೆ ಕಂಪನಿಯಲ್ಲಿ ಮಾತ್ರೆ ತರಲು ಇಷ್ಟು ಹೊತ್ತು ಯಾಕೆ ಎಂದು ರೂಪೇಶನಿಗೆ ಹೊಳೆಯಲಿಲ್ಲ. ಅವಳು ಬಂದ ಮೇಲೆ ಅಮಿತಾಳಿಗೆ ಮನೆಗೆ ಫೋನು ಮಾಡಬೇಕಾಯಿತು. ಆಮೇಲೆ ಜಟ್ಟಿಗೆ ಹೊಟ್ಟೆ ಸರಿಯಿರಲಿಲ್ಲ. ರೂಪೇಶ ಮಾತ್ರ ಏಳುವಂತಿರಲಿಲ್ಲ. ಹೊಸ ಬ್ಲೇಡು ಹಾಕಿದ ಮೇಲೆ ಮಶೀನಿನ ಸದ್ದು ಸರಿ ಇದೆಯೋ ಎಂದು ಅವನೇ ಕಿವಿಗೊಟ್ಟು ಹೇಳಬೇಕೆಂದು ರಾಮಾ ಹಟ ಹಿಡಿದಿದ್ದ.

ಶಿಫ್ಟು ಮುಗಿಯುವ ಹೊತ್ತಿಗೆ ರೂಪೇಶ ಗೌನು ಕಿತ್ತೆಸೆದು ಎಚ್.ಆರ್. ಆಫೀಸಿಗೆ ಓಡಿದ.

"ಸರ್, ನನ್ನ ಹೆಸರು ಬರ್ಕೊಳ್ಳಿ. ನಾನು ಬಿಡ್ತೆ."

ಆಶಿಷ ಸಾಹೇಬರು ಎದ್ದು ನಿಂತು ಅವನ ಎರಡೂ ಕೈ ಹಿಡಿದುಕೊಂಡರು. "ನೀವೂನಾ? ಈ ಕೆಲಸದಲ್ಲಿ ಜನ ಅತ್ತದ್ದು ನೋಡಿದ್ದೇನೆ, ಬೈದದ್ದು ನೋಡಿದ್ದೇನೆ, ನನ್ನ ಕಾರಿನ ಗಾಳಿ ತೆಗೆದದ್ದೂ ನೋಡಿದ್ದೇನೆ. ಇಂಥದ್ದು ನೋಡಿರಲಿಲ್ಲ. ನಿಮ್ಮ ಲೈನಿನ ಆ ಮೂವರೂ ಬಂದಿದ್ದರು ರೂಪೇಶ, ಒಬ್ಬರಿಗೆ ಗೊತ್ತಾಗದಂತೆ ಒಬ್ಬರು. ನನ್ನನ್ನು ತೆಗೀರಿ, ಉಳಿದವರನ್ನು ಇಡಿ, ರೂಪೇಶನನ್ನಂತೂ ಮುಟ್ಟಲೇಬೇಡಿ ಎಂದರು. ನನಗೆ ತಡೆಯಲಾಗಲಿಲ್ಲ, ಹೆಡ್ ಆಫೀಸಿಗೇ ಫೋನು ಮಾಡಿ ಹೇಳಿದೆ. ಅವರೂ ಬಹಳ ಮೆಚ್ಚಿಕೊಂಡರು."

"ಮೆಚ್ಚಿ?"

"ಮೂವರದ್ದನ್ನೂ ಒಪ್ಪಿಕೊಂಡರು."

ರೂಪೇಶ ಕುರ್ಚಿ ಹುಡುಕಿದ. "ಹಂಗಾದ್ರೆ ಲೈನು ಯಾರು ನೋಡೂದು ಸರ್?"

"ನೀವಿದ್ದೀರಲ್ಲ! ನಾಲ್ವರ ಕೆಲಸ ಒಬ್ಬರೇ ಮಾಡುವ ಶಕ್ತಿ ನಿಮಗಿದೆ ಅಂತ ಮ್ಯಾನೇಜರು ಬರೆದುಕೊಟ್ಟಿದ್ದಾರೆ."

"ನನ್ನದೂ ಒಂದು ಸೇರಿಸ್ಕೊಳ್ಳಿ ಸರ್, ಕಾಲಿಗೆ ಬೀಳ್ತೆ."

"ಛೆ ಛೆ! ಆಮೇಲೆ ಆ ಮೂವರಿಗೆ ನಾನು ಹೇಗೆ ಮುಖ ತೋರಿಸಲಿ?"

ಮರಳುವ ಬಸ್ಸಿನಲ್ಲಿ ಮೂವರೂ ಕದ್ದು ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿ ಕುಳಿತಿದ್ದರು. ಮಂಗಲಕ್ಕನೇ ಮೊದಲು ನಕ್ಕಳು. ಮಗಳ ಫೀಸು ಎಲ್ಲಿಂದ ತರುವುದೋ ತಿಳಿಯದ ಆ ಹೆಂಗಸು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದುದನ್ನು ಕಂಡು ರೂಪೇಶನ ಕಣ್ಣಲ್ಲಿ ನೀರು ಬಂತು.

"ನಂಗೆ ನಿಜವಾಗಿಯೂ ಬಿಡ್ಬೇಕಿತ್ತು ಅಕ್ಕಾ. ಕುಪ್ಪ ಬಾವನ ದೋಣಿಗೆ..."

"ಇನ್ನೂ ಅದೇ ಮಾತಾ? ಸಾಕು ಮಾಡು!" ಎಂದಳು ಅಮಿತಾ. "ನಮ್ಮ ಚಿಂತೆ ಬಿಡು. ಹೇಳು ರೇ ಜಟ್ಟಿ."

ಕಾಳಿ ನದಿಯ ಸೇತುವೆಯ ಮೇಲೆ ಬಸ್ಸು ಹೋದರೂ ಕಣ್ಣು ಮುಚ್ಚಿಕೊಳ್ಳುವ ಜಟ್ಟಿ ಎದೆಯುಬ್ಬಿಸಿದ. "ಬಸ್ಸು ಹತ್ತೂ ಮೊದ್ಲು ಇವರಿಬ್ಬರ ಎದುರೇ ನಿನ್ನ ಬಾವನಿಗೆ ಫೋನು ಮಾಡ್ದೆ. ನಮ್ಮ ಮೂರೂ ಜನರ ದುಡ್ಡು ಸೇರಿದ್ರೆ ಇಂಜಿನ್ನು ಎಂತಾ, ಹೊಸ ದೋಣಿನೇ ಬರ್ತದಂತೆ. ಮಂಗಲಕ್ಕ ಮೀನು ಮಾರೂದು, ಅಮಿತಾ ಲೆಕ್ಕ ನೋಡೂದು, ನಾನು ಬಾವನ ಜೊತೆ ಸಮುದ್ರಕ್ಕೆ."

"ನಾನು?" ಎಂದ ರೂಪೇಶ.

"ನಿಂಗೆಂತಕ್ಕಾ ಈ ಕಷ್ಟ?" ಮಂಗಲಕ್ಕ ಅವನ ತಲೆ ಸವರಿದಳು. "ನಮ್ಮಲ್ಲಿ ಒಬ್ನಾದ್ರೂ ತಂಪಲ್ಲಿ ಕೆಲ್ಸ ಮಾಡ್ಲಿ. ದಿನಾ ಬೆಳಿಗ್ಗೆ ನಾನೇ ಫೋನು ಮಾಡಿ ಎಬ್ಬಿಸ್ತೆ. ಅರವತ್ತು ತುಂಬುವರೆಗೆ ನಿನ್ನ ಆ ಕುರ್ಚಿಯಿಂದ ಯಾರು ಏಳಿಸ್ತಾರೆ ನೋಡ್ತೆ!"

ಅಷ್ಟರಲ್ಲಿ ಜಟ್ಟಿಯ ಫೋನು ಹೊಡೆದುಕೊಂಡಿತು. ಕುಪ್ಪನ ದನಿ ಬಸ್ಸಿಡೀ ಕೇಳಿಸಿತು.

"ರೂಪೇಶಾ, ಎಂಥಾ ಚಿನ್ನದಂಥ ಜನ ಕಳಿಸಿದೆ ಮಾರಾಯಾ! ಹೊಸ ದೋಣಿಗೆ ಎಂತಾ ಹೆಸರು ಇಡೂದು ಹೇಳಿ ಕೇಳ್ದೆ, ಮೂವರೂ ಒಟ್ಟಿಗೆ ನಿನ್ನ ಹೆಸರೇ ಹೇಳಿದ್ರು. ನೀ ಎಂತಾ ಚಿಂತೆ ಮಾಡ್ಬೇಡ. ಮಳೆ ಬಿಡ್ತಿದ್ದ ಹಾಗೇ ರೂಪೇಶ ಸಮುದ್ರಕ್ಕೆ ಇಳೀತಾನೆ!"

ಬಸ್ಸಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ರೂಪೇಶನೂ ತಟ್ಟಿದ.