ನಮ್ಮತ್ತೆ ಮತ್ತು ಊರವರ ಎ.ಸಿ.ಗಳು

ನಮ್ಮ ಅತ್ತೆಯನ್ನು ಯಾರ ಮನೆಗಾದರೂ ಕರೆದುಕೊಂಡು ಹೋಗುವ ಮೊದಲು ಆ ಮನೆಯಲ್ಲಿ ಎ.ಸಿ. ಇದೆಯೇ ಎಂದು ವಿಚಾರಿಸಿಕೊಳ್ಳುವುದು ಕ್ಷೇಮ. ಇದ್ದರೆ, ಅದು ಸುಸ್ಥಿತಿಯಲ್ಲಿದೆಯೇ ಎಂದೂ ಕೇಳಿಬಿಡಬೇಕು. ಕೆಟ್ಟಿದ್ದರೆ ನೀವು ಹೋದ ಕೆಲಸ ಆಗುವುದಿಲ್ಲ. ಕೆಡದೇ ಇದ್ದರೆ ಆಗುತ್ತದೆಂಬ ಖಾತ್ರಿಯೂ ಇಲ್ಲ!

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಧಾರವಾಡದ ಕೆಲಗೇರಿಯಲ್ಲಿ ಮನೆ. ಕನ್ನಡ ಶಾಲೆಯಲ್ಲಿ ಅಕ್ಕೋರಾಗಿದ್ದು, ಅರ್ಧ ಊರಿಗೆ ಅಕ್ಷರ ಕಲಿಸಿ ನಿವೃತ್ತರಾದವರು. ಶಾಲೆಯಿಂದ ನಿವೃತ್ತರಾದರೇ ಹೊರತು ಓಡಾಟದಿಂದಲ್ಲ. ನಮ್ಮ ಮನೆಗೆ ಬಂದರೆ ಒಂದು ಕಪ್ ಚಹಾ ಮುಗಿಯುವುದರೊಳಗೆ ಮೂರು ಸಲ ಏಳುತ್ತಾರೆ. ಒಂದು ಸಲ ಓರೆಯಾದ ಕ್ಯಾಲೆಂಡರ್ ನೆಟ್ಟಗೆ ಮಾಡಲು, ಇನ್ನೊಂದು ಸಲ ನಳ ಸರಿಯಾಗಿ ಬಂದ್ ಆಗಿದೆಯೇ ನೋಡಲು. ಮೂರನೆಯ ಸಲ ಯಾಕೆ ಎದ್ದರೆಂದು ಅವರಿಗೂ ಗೊತ್ತಿರುವುದಿಲ್ಲ.

"ಅತ್ತಿ, ಒಂದ ಕಡೆ ಕುಂದರ್ರಿ ನೋಡೂಣು" ಎಂದರೆ, "ಕುಂತು ಏನ ಮಾಡೂದೈತೋ?" ಎಂದು ನಿಂತೇ ಉತ್ತರಿಸುತ್ತಾರೆ.

ಇಂಥವರ ಕೈಗೆ ಎ.ಸಿ. ಸಿಕ್ಕಿದ್ದು ಹೇಗೆ? ಅದಕ್ಕೆ ಕಾರಣ ಕಾಗುಣಿತ. ನಂಬಿಕೆ ಬರುವುದಿಲ್ಲ ಅಲ್ಲವೇ? ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯ ನಮ್ಮ ಮನೆಗೆ ಮೊದಲ ಎ.ಸಿ. ಬಂತು. ಫಿಟ್ ಮಾಡುವವರು ಹೋದ ಕೂಡಲೇ ನಾವೆಲ್ಲ ಅದರ ಕೆಳಗೆ ಸಾಲಾಗಿ ಕುಳಿತು, ಮುಖ ಮೇಲೆ ಮಾಡಿ, ಸುಖಪಟ್ಟೆವು. ಅತ್ತೆ ಮಾತ್ರ ಪಡಸಾಲೆಯಲ್ಲಿ ಆ ಎ.ಸಿ.ಯ ಜೊತೆಗೆ ಬಂದ ಪುಸ್ತಕ ಹಿಡಿದು ಆ ತುದಿಯಿಂದ ಈ ತುದಿಗೆ ತಿರುಗುತ್ತಿದ್ದರು. ಓದುತ್ತಿದ್ದರೇ? ಇಲ್ಲ, ತಿದ್ದುತ್ತಿದ್ದರು! ಕೆಂಪು ಪೆನ್ನಿನಿಂದ!

"ಏನ ಕನ್ನಡೋ ಇದು! 'ಜಾಳಿಗೆಯನ್ನು ಎರಡು ವಾರಕ್ಕೆ ತೊಳೆಯಲ್ಪಡಿ' ಅಂತ ಬರದಾರ. ಯಾರು ತೊಳೆಯಲ್ಪಡಬೇಕು? ನಾನೋ, ನೀನೋ?"

ಕನ್ನಡದ ಹದಿನಾಲ್ಕು ಪುಟಗಳೂ ಸಂಜೆಯೊಳಗೆ ಕೆಂಪಾದವು. ಕೊನೆಯ ಪುಟದಲ್ಲಿ 'ನೂರಕ್ಕೆ ಮೂವತ್ತೊಂದು. ಇನ್ನೂ ಶ್ರಮ ಬೇಕು' ಎಂದು ಷರಾ ಬಿತ್ತು. ಆದರೆ ತಪ್ಪು ಹುಡುಕಲೆಂದು ಒಂದೊಂದು ಸಾಲನ್ನೂ ನಾಲ್ಕು ನಾಲ್ಕು ಸಲ ಓದಿದ್ದರಿಂದ ಎ.ಸಿ.ಯ ಹೊಟ್ಟೆಯೊಳಗಿನದೆಲ್ಲ ಅವರಿಗೆ ಬಾಯಿಪಾಠವಾಗಿಹೋಯಿತು. ಮನೆಯಲ್ಲಿ ಆ ಪುಸ್ತಕವನ್ನು ಓದಿದವರು ಅವರೊಬ್ಬರೇ. ಊರಲ್ಲೇ ಅವರೊಬ್ಬರೇ ಎಂದು ನನ್ನ ಅನುಮಾನ.

ಮರುವರ್ಷ ಬೇಸಿಗೆಯಲ್ಲಿ ನನಗೆ ಕನ್ಯೆ ನೋಡಲು ಗಬ್ಬೂರಿನ ಒಂದು ಮನೆಗೆ ಹೋದೆವು. ಹುಡುಗಿಯ ತಂದೆಗೆ ಹತ್ತಿಯ ವ್ಯಾಪಾರ, ಮನೆಯ ಹಿಂದೆಯೇ ಗೋದಾಮು. ನಮಗಾಗಿ ಎ.ಸಿ. ಹಾಕಿದ್ದರು. ಅದು ಗುಂಯ್ ಎನ್ನುತ್ತಿತ್ತು, ಗಾಳಿ ಮಾತ್ರ ಇಲ್ಲ. ಅವರು ಹಣೆ ಒರೆಸಿಕೊಳ್ಳುತ್ತ ಸಂಕೋಚದಿಂದ ಹೇಳಿದರು: "ಹದಿನಾರಕ್ಕ ಇಟ್ಟೇವ್ರಿ, ಆದ್ರೂ ತಂಪ ಆಗವಲ್ದು ನೋಡ್ರಿ."

ಇಷ್ಟು ಸಾಕಾಯಿತು. ಅವ್ವ ಅತ್ತೆಯ ಸೆರಗು ಹಿಡಿದು ಜಗ್ಗಿದಳು. ನಾನು ಕಣ್ಣಲ್ಲೇ ಕೈ ಮುಗಿದೆ. ಅಷ್ಟರಲ್ಲಿ ಅತ್ತೆ ಕುರ್ಚಿ ಹತ್ತಿ ಎ.ಸಿ.ಯ ಮುಂದಿನ ಬಾಗಿಲು ತೆಗೆದು ಗಾಳಿ ಸೋಸುವ ಜಾಳಿಗೆಯನ್ನು ಎಳೆದೇಬಿಟ್ಟರು! ಎರಡು ವರ್ಷದ ಹತ್ತಿಯ ಧೂಳು ಕಂಬಳಿಯ ಹಾಗೆ ಅದನ್ನು ಮುಚ್ಚಿಕೊಂಡಿತ್ತು. ಆ ಕಂಬಳಿಯ ಒಂದು ಭಾಗ ಉಪ್ಪಿಟ್ಟಿನ ತಾಟುಗಳ ಮೇಲೆ ಕೊಬ್ಬರಿ ತುರಿ ಉದುರಿಸಿದಂತೆ ಉದುರಿತು. ಬಣ್ಣ ಮಾತ್ರ ಬೂದಿ. ಸರಿಯಾಗಿ ಅದೇ ಗಳಿಗೆಯಲ್ಲಿ ಹುಡುಗಿ ಚಹಾದ ತಾಟು ಹಿಡಿದು ಒಳಗಿನಿಂದ ಬಂದಳು. ಕುರ್ಚಿಯ ಮೇಲಿದ್ದ ಅತ್ತೆಯನ್ನು ನೋಡಿದಳು. ಜಾಳಿಗೆಯನ್ನು ನೋಡಿದಳು. ನನ್ನನ್ನು ನೋಡಲಿಲ್ಲ.

"ಹಲ್ಲುಜ್ಜೂ ಬ್ರಶ್ ತರ್ಲೇನ್ರಿ?" ಎಂದಳು.

"ಹಳೇದಿದ್ರ ತಾರವಾ. ಮೆತ್ತಂದಿರಬೇಕು" ಎಂದರು ಅತ್ತೆ.

ಇಬ್ಬರೂ ಹಿತ್ತಲಿಗೆ ಹೋದರು. ಅರ್ಧ ತಾಸು ಪತ್ತೆ ಇಲ್ಲ. ನಾವು ಉಳಿದವರು ಬೆವರುತ್ತ, ಉಪ್ಪಿಟ್ಟನ್ನು ನೋಡುತ್ತ, ಮಳೆ ಯಾವಾಗ ಬರಬಹುದೆಂದು ಮಾತಾಡಿದೆವು. ಕೊನೆಗೆ ಅತ್ತೆ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ತೀರ್ಪು ಕೊಟ್ಟರು: "ಹುಡುಗಿ ಛಲೋ ಅದಾಳ. ಜಾಳಗಿ ಹರೀದಂಗ ತೊಳೀತಾಳ. ನೆರಳಾಗ ಒಣಗಾಕ ಇಟ್ಟೇವಿ, ಬಿಸಲಿಗಿಟ್ರ ಸೊಟ್ಟ ಆಗ್ತೈತಿ."

ಜಾಳಿಗೆ ಒಣಗಿತು, ಎ.ಸಿ. ತಣ್ಣಗೆ ಬೀಸಿತು, ಸಂಬಂಧ ಕೂಡಿತು. ಹುಡುಗಿ ಯಾಕೆ ಒಪ್ಪಿದಳೋ ಎಂಬ ಕುತೂಹಲ ನನಗಿತ್ತು. ಮದುವೆಯಾದ ಮೇಲೆ ಕೇಳಿದೆ.

"ನಿಮ್ಮತ್ತೀನ್ನ ನೋಡಿ ಒಪ್ಪಿದೆ" ಎಂದಳು ನನ್ನ ಹೆಂಡತಿ.

ಈ ಸುದ್ದಿ ಹರಡಿದ ಮೇಲೆ ಅತ್ತೆಗೆ ಫೋನುಗಳು ಬರಲು ಶುರುವಾದವು. ಬೀಗರು, ಬೀಗರ ಬೀಗರು, ಹಳೆಯ ವಿದ್ಯಾರ್ಥಿಗಳು. ಅತ್ತೆ ಫೋನು ಕಿವಿಗಿಟ್ಟು ಅಂಗಳದಲ್ಲಿ ಸುತ್ತು ಹಾಕುತ್ತಲೇ ಉತ್ತರಿಸುವರು.

"ರಿಮೋಟ್ ಒತ್ತಿದ್ರ ಏನೂ ಆಗವಲ್ದ್ರಿ ಅಕ್ಕೋರ!"

"ಸೆಲ್ ತಗದು ತಿರುವಿ ಹಾಕು. ಎರಡನೇ ಇಯತ್ತೆಯೊಳಗೂ ನೀ ಪಾಟಿ ತಿರುವಿನ ಹಿಡೀತಿದ್ದಿ."

"ಗಾಳಿ ಬರ್ತೈತ್ರಿ, ತಂಪಿಲ್ರಿ."

"ರಿಮೋಟಿನ್ಯಾಗ ಪಂಖಾದ ಚಿತ್ರ ಐತೋ, ಮಂಜಿನ ಚಿತ್ರ ಐತೋ ನೋಡು. ಪಂಖಾ ಇದ್ರ ಅದು ಬರೇ ಪಂಖಾದ ಕೆಲಸ ಮಾಡಾಕತ್ತೈತಿ."

ಒಂದು ವಿಷಯದಲ್ಲಿ ಮಾತ್ರ ಅವರು ಬಲು ಬಿಗಿ. ಎ.ಸಿ. ಹಾಕಿದೊಡನೆ ಮೇನ್ ಸ್ವಿಚ್ ಬೀಳುತ್ತದೆ ಎಂದು ಯಾರಾದರೂ ಹೇಳಿದರೆ ದನಿ ಏರುತ್ತಿತ್ತು: "ಮುಟ್ಟಬ್ಯಾಡ! ಮತ್ತ ಮತ್ತ ಎತ್ತಿ ಹಾಕಬ್ಯಾಡ! ಕರೆಂಟಿನ ಕೆಲಸ ಬಲ್ಲವರನ್ನ ಕರಿ. ಅದು ನನ್ನ ಪಾಠದಾಗ ಇಲ್ಲ."

ಇನ್ನು ನಮ್ಮ ಮನೆಯ ಎ.ಸಿ.ಯ ಕಥೆ. ಹುಬ್ಬಳ್ಳಿಯಲ್ಲಿ ನಳದ ನೀರು ಯಾವ ದಿನ ಬರುತ್ತದೆಂದು ಹೇಳಬಲ್ಲವರಿಲ್ಲವಾದ್ದರಿಂದ ನಾನು ಜಾಣತನ ಮಾಡಿ, ಎ.ಸಿ.ಯ ನೀರು ಹೊರಗೆ ಹೋಗುವ ಪೈಪಿಗೆ ಒಂದು ಬಕೆಟ್ ಇಟ್ಟಿದ್ದೆ. ಗಿಡಗಳಿಗಾಯಿತು ಎಂದು. ಎರಡು ವಾರದಲ್ಲಿ ಎ.ಸಿ. ಒಳಗೆ, ಸರಿಯಾಗಿ ನನ್ನ ದಿಂಬಿನ ಮೇಲೆ, ತೊಟ್ಟಿಕ್ಕಲು ಶುರು ಮಾಡಿತು. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ಗುರುವಾರ ಬರುತ್ತೇನೆಂದ. ಅತ್ತೆ ಸೋಮವಾರವೇ ಬಂದರು. ಒಳಗಿನ ಎ.ಸಿ.ಯತ್ತ ತಿರುಗಿಯೂ ನೋಡದೆ ನೇರ ಬಾಲ್ಕನಿಗೆ ನಡೆದರು.

"ಪೈಪಿನ ಬಾಯಿ ಬಕೇಟಿನ ತಳಕ್ಕ ಮುಳುಗಿಸಿ ಇಟ್ಟೀಯಲ್ಲೋ! ನೀರು ಹೆಂಗ ಹೊರಗ ಬರಬೇಕು? ಬರಾಕ ದಾರಿ ಇಲ್ಲಂದ್ರ ಒಳಗ ಸೋರ್ತೈತಿ." ಪೈಪು ಎತ್ತಿದರು. ಒಳಗೆ ಪಾಚಿ ಕಟ್ಟಿತ್ತು. "ನೀ ಒಳಗ ನಿಂತು ನೋಡು, ನಾ ಊದತೇನಿ."

ನಾನು ಆಫೀಸಿಗೆ ಹೊರಟವನು. ಬಿಳಿ ಅಂಗಿ. ಎ.ಸಿ.ಯ ಕೆಳಗೆ ನಿಂತು ಮೇಲೆ ನೋಡಿದೆ. ಹೊರಗಿನಿಂದ ಅತ್ತೆ, ಮೂವತ್ತು ವರ್ಷ ಮಗ್ಗಿ ಹೇಳಿಸಿದ ಆ ಎದೆಯಿಂದ, ಊದಿದರು.

"ಬಂತೇನೋ?"

"ಬಂತ್ರಿ!" ಎಂದೆ. ಬಂದದ್ದೆಲ್ಲ ನನ್ನ ಮೇಲೇ ಬಂದಿತ್ತು.

ಗುರುವಾರ ಬಂದ ಮೆಕ್ಯಾನಿಕ್ ಎಲ್ಲ ನೋಡಿ, ಏನೂ ಕೆಟ್ಟಿಲ್ಲವಲ್ಲ ಎಂದ. ನಡೆದದ್ದನ್ನು ಹೇಳಿದೆ. ಹೋಗುವಾಗ ಅತ್ತೆಯ ಫೋನ್ ನಂಬರ್ ಬರೆದುಕೊಂಡು ಹೋದ!

ಆದರೆ ಈ ವರ್ಷ ಬೇಸಿಗೆ ಬಂದರೂ ಅತ್ತೆ ಯಾರ ಫೋನೂ ಎತ್ತುತ್ತಿರಲಿಲ್ಲ. "ಅಕ್ಕೋರು ಸಿಟ್ಟಾಗ್ಯಾರೇನ್ರಿ?" ಎಂದು ಜನ ನನ್ನನ್ನು ಕೇಳತೊಡಗಿದರು. ನನ್ನ ಎದೆಯಲ್ಲೂ ಅಳುಕಿತ್ತು. ಯಾಕೆಂದರೆ ಮಾರ್ಚಿನಲ್ಲಿ ಅವರಿಗೊಂದು ಮಾತೂ ಹೇಳದೆ ಮೆಕ್ಯಾನಿಕ್‌ನನ್ನು ಕರೆಸಿ ಸರ್ವಿಸ್ ಮಾಡಿಸಿದ್ದೆ. ಸಿಟ್ಟು ಅದರದೇ ಇರಬೇಕು! ಅಷ್ಟರಲ್ಲಿ ನಮ್ಮ ಎ.ಸಿ. ಹೊಸ ರಾಗ ತೆಗೆಯಿತು. ಟರ್ರ್ ಎನ್ನುವುದು, ಆಮೇಲೆ ಖಡ್ ಖಡ್ ಖಡ್. ಎ.ಸಿ. ಹಾಕಿದರೆ ನಮ್ಮ ಐದು ತಿಂಗಳ ಮಗಳು ಸದ್ದಿಗೆ ಏಳುವಳು, ಆರಿಸಿದರೆ ಸೆಕೆಗೆ ಏಳುವಳು. ಕುತ್ತಿಗೆಯ ತುಂಬ ಬೆವರುಸಾಲೆ. ಹೆಂಡತಿ ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಅತ್ತೆಗೆ ಫೋನಿನಲ್ಲಿ ಉದ್ದನೆಯ ಸಂದೇಶ ಬರೆದು ಕಳಿಸಿದೆ. ಉತ್ತರ ಬಂತು: 'ನಾಳೆ ಬೆಳಿಗ್ಗೆ ಬರುತ್ತೇನೆ. ನಿನ್ನ ಬರಹದಲ್ಲಿ ಎರಡು ತಪ್ಪುಗಳಿವೆ.'

ಬಂದರು. ನಾನು ಎ.ಸಿ. ಹಾಕಿದೆ. ಖಡ್ ಖಡ್ ಖಡ್. ಅತ್ತೆ ಕುರ್ಚಿ ಹತ್ತಿದರು. ಜಾಳಿಗೆ ತೆಗೆದು ಮತ್ತೆ ಹಾಕಿದರು. ಮುಂದಿನ ಬಾಗಿಲನ್ನು ನಾಲ್ಕೂ ಮೂಲೆಗೆ ಒತ್ತಿದರು. ಒಂದು ಸಂದಿಗೆ ಕಾಗದ ಮಡಚಿ ಸಿಕ್ಕಿಸಿದರು. ಪ್ರತಿ ಸಲವೂ ತಿರುಗಿ ನಮ್ಮನ್ನು ನೋಡಿ "ಈಗ?" ಎನ್ನುವರು. ಕೊನೆಗೆ ನಕ್ಕು, "ಈಗ ನಿಂತಿತು ನೋಡು" ಎಂದರು.

ಎ.ಸಿ. ಮುಂಚಿನಂತೆಯೇ ಖಡ್ ಖಡ್ ಎನ್ನುತ್ತಿತ್ತು. ನಾನು ಬಾಯಿ ತೆರೆದೆ. ಹೆಂಡತಿ ನನ್ನ ಕಾಲು ತುಳಿದಳು. ಅವಳ ಕೈ ಸೆರಗಿನ ಮರೆಯಲ್ಲಿ ರಿಮೋಟು ಒತ್ತಿತು. ಸದ್ದು ನಿಂತಿತು.

"ಹೌದ್ರಿ ಅತ್ತಿ, ನಿಂತಿತ್ರಿ!" ಎಂದು ಗಟ್ಟಿಯಾಗಿ ಹೇಳಿದಳು.

ಅತ್ತೆ ಇಳಿದು ಚಹಾ ಕುಡಿದರು. ನಾವು ಬೆವರುತ್ತ ಕುಳಿತೆವು. ಐದೇ ನಿಮಿಷ. ಮಗಳು ಸೆಕೆ ತಾಳದೆ ಎದ್ದು ಅಳಲು ಹತ್ತಿದಳು. ಅತ್ತೆ ಅವಳನ್ನು ಎತ್ತಿಕೊಂಡರು. ಕುತ್ತಿಗೆಯ ಬೆವರು ಒರೆಸಿದರು. ತಲೆಯೆತ್ತಿ ಎ.ಸಿ.ಯನ್ನು ನೋಡಿದರು. ಅದರ ಬಾಯಿ ಮುಚ್ಚಿತ್ತು.

"ನೀನ ಬಂದ್ ಮಾಡಿದಿ, ಹೌದಲ್ಲವಾ?"

ಹೆಂಡತಿ ತಲೆ ತಗ್ಗಿಸಿದಳು. ಅತ್ತೆ ಮಗುವಿನ ಬೆನ್ನು ತಟ್ಟಿದರು.

"ಒಂದೊಂದ ಸಪ್ಪಳ ಕೇಳ್ತಾವು, ಒಂದೊಂದು ಕೇಳಂಗಿಲ್ಲ. ಫೋನಿನ್ಯಾಗಂತೂ ಬರೇ ಗುಂಯ್ ಅಂತೈತಿ. ಡಾಕ್ಟರು ಕಿವಿಗೆ ಮಷಿನ್ ಹಾಕ್ಕೋರಿ ಅಂದಾರ, ಹಾಕ್ಕೊಂತೇನಿ" ಎಂದರು.

"ನಮಗರ ಹೇಳಬಾರದೇನ್ರಿ ಅತ್ತಿ?" ಎಂದು ನಾನು ಅವರ ಕಿವಿಯ ಹತ್ತಿರ ಹೋಗಿ ಕೇಳಿದೆ.

"ಫೋನ್ ಎತ್ತಲಿಲ್ಲಂದ್ರ ಸಿಟ್ಟಾಗ್ಯಾರ ಅಂತಾರ, ಮತ್ತ ಮಾಡ್ತಾರ. ಕಿವಿ ಕೇಳಂಗಿಲ್ಲ ಅಂತ ಗೊತ್ತಾದ್ರ ಮಾಡೂದ ಬಿಡ್ತಾರೋ."

ಅತ್ತೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ಹೋಗ್ಲಿ. ಅದು ಹೆಂಗ ಸಪ್ಪಳ ಮಾಡ್ತೈತಿ, ಬಾಯಿಲೆ ಮಾಡಿ ತೋರಸು."

ನಾನು ಅವರ ಎಡಗಿವಿಗೆ ಬಾಯಿಟ್ಟು ಕೂಗಿದೆ: "ಟರ್ರ್! ಖಡ್ ಖಡ್ ಖಡ್!"

"ಹಂಗಲ್ರಿ ಅದು" ಎಂದು ಹೆಂಡತಿ ಬಲಗಿವಿಗೆ ಬಂದಳು. "ಟರ್ರ್ರ್ರ್... ಖಡಖಡಖಡ!"

ಮಗಳು ಅಳು ನಿಲ್ಲಿಸಿ ನಮ್ಮಿಬ್ಬರನ್ನೂ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಅತ್ತೆ ಕಣ್ಣು ಮುಚ್ಚಿ ಕೇಳಿದರು. "ಸುರು ಆಗೂ ಮುಂದ ಜಾಸ್ತಿಯೇನು?" ಹೌದೆಂದು ಇಬ್ಬರೂ ತಲೆಯಾಡಿಸಿದೆವು. "ಹಂಗಾದ್ರ ಒಳಗಿಂದಲ್ಲ. ಹೊರಗಿನ ಪೆಟಗೀದು. ಅದರ ಕಾಲಿನ ಬೋಲ್ಟ್ ಸಡಿಲ ಆಗೇತಿ. ಮೊದಲ ಮೇನ್ ಬಂದ್ ಮಾಡು, ಆಮ್ಯಾಲೆ ಪಾನಾ ಹಾಕಿ ಬಿಗಿ ಮಾಡು."

ಮೇನ್ ಆರಿಸಿ ಬಾಲ್ಕನಿಗೆ ಹೋದೆ. ಎಡಗಡೆಯ ಬೋಲ್ಟು ಬೆರಳಿಗೇ ತಿರುಗುತ್ತಿತ್ತು. ಪಾನಾದಿಂದ ಬಿಗಿ ಮಾಡಿ ಬಂದು ಎ.ಸಿ. ಹಾಕಿದೆ. ಗಾಳಿಯ ಸಣ್ಣ ಸುಯ್ಯೆಂಬ ದನಿ ಬಿಟ್ಟರೆ ಏನಿಲ್ಲ. ಅತ್ತೆ ನನ್ನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು. ನಾವು ತಲೆಯಾಡಿಸಿದರೂ ಅವರು ನಂಬಿದಂತೆ ಕಾಣಲಿಲ್ಲ. ನಂಬುವುದಾದರೂ ಹೇಗೆ? ಈಗಷ್ಟೇ ಸುಳ್ಳು ಹೇಳಿದವರು ನಾವು. ಹಾಗೆಯೇ ನಿಂತು, ತೋಳಿನಲ್ಲಿದ್ದ ಮಗುವನ್ನು ನೋಡುತ್ತ ಕಾದರು. ಮಗಳ ರೆಪ್ಪೆಗಳು ಎರಡು ಸಲ ಎದ್ದವು, ಮೂರನೆಯ ಸಲ ಏಳಲಿಲ್ಲ. ಮುಷ್ಟಿ ಸಡಿಲವಾಯಿತು.

"ಹಾಂ, ಈಗ ಖರೇನ ನಿಂತೈತಿ" ಎಂದರು ಅತ್ತೆ.