ಅಬ್ದುಲ್ ಶುಕೂರರ ಅನ್ನನಾಳ

ಸಾವಿರದ ಒಂಬೈನೂರ ಎಂಬತ್ತಮೂರರಲ್ಲಿ ಘನ ಸರಕಾರವು ನಮ್ಮ ಊರಿನ ಆಸ್ಪತ್ರೆಗೆ ಅನ್ನನಾಳದೊಳಗಿನ ಒತ್ತಡವನ್ನು ಅಳೆಯುವ ವಿದೇಶಿ ಯಂತ್ರವೊಂದನ್ನು ದಯಪಾಲಿಸಿತು. ಆಸ್ಪತ್ರೆ ಕೇಳಿದ್ದು ಬಾವಿಗೆ ಒಂದು ಪಂಪು. ಆದರೆ ಯಂತ್ರದ ಹೊಟ್ಟೆಯಲ್ಲೂ ಒಂದು ಪುಟ್ಟ ಪಂಪು ಇತ್ತು; ಅದು ಸಪೂರ ನಳಿಗೆಯೊಳಗೆ ಹನಿಹನಿಯಾಗಿ ನೀರು ದೂಡುತ್ತಿತ್ತು. ಆದಕಾರಣ ಬೇಡಿಕೆ ಪೂರೈಸಲಾಗಿದೆ ಎಂದು ಇಲಾಖೆ ಷರಾ ಬರೆಯಿತು.

ಡಾಕ್ಟರ್ ಕೇಶವಪ್ರಸಾದರಿಗೆ ಸಂತೋಷವಾಯಿತು. ಈ ಯಂತ್ರವನ್ನು ಅವರು ಕಲಿಯುವಾಗ ಒಮ್ಮೆ ಕಂಡಿದ್ದರು. ನಳಿಗೆಯನ್ನು ಮೂಗಿನ ಮೂಲಕ ಅನ್ನನಾಳಕ್ಕೆ ಇಳಿಸಬೇಕು, ರೋಗಿ ಗುಟುಕು ನೀರು ನುಂಗಬೇಕು, ಆಗ ಒಳಗಿನ ಒತ್ತಡ ಎಷ್ಟೆಂದು ಮುಳ್ಳು ಕಾಗದದ ಮೇಲೆ ಗೆರೆ ಎಳೆಯುತ್ತದೆ. ಅದಕ್ಕೆ ತಕ್ಕ ರೋಗಿಯೂ ಅವರಲ್ಲಿದ್ದಳು. ಮೆಲ್ಕಾರಿನ ರುಕಿಯಾ, ಬೀಡಿ ಕಟ್ಟುವ ಹೆಂಗಸು. ತಿಂದದ್ದು ಎದೆಯಲ್ಲೇ ನಿಂತು ವಾಪಸು ಬರುತ್ತಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಅವಳ ಬಳೆಗಳು ಮೊಣಕೈವರೆಗೆ ಜಾರತೊಡಗಿದ್ದವು.

ಆದರೆ ಆಫೀಸು ಸೂಪರಿಂಟೆಂಡೆಂಟ್ ಸುಧಾಕರ ಶೆಟ್ಟರು ಯಂತ್ರದ ಸಂಗಡ ಬಂದ ನಿಯಮಾವಳಿಯನ್ನು ಓದಿಕೊಂಡಿದ್ದರು.

"ಆಗುವುದಿಲ್ಲ ಡಾಕ್ಟ್ರೇ. ಪರೀಕ್ಷೆಗೆ ಒಳಪಡುವವರು ಸರಾಗವಾಗಿ ನುಂಗಲು ಶಕ್ತರಾಗಿರತಕ್ಕದ್ದು ಅಂತ ಉಂಟು."

"ಸರಾಗವಾಗಿ ನುಂಗುವವರಿಗೆ ಈ ಯಂತ್ರ ಯಾಕೆ ಶೆಟ್ರೇ?"

"ಅವರಿಗೆ ಅಗತ್ಯ ಇಲ್ಲ. ಅರ್ಹತೆ ಉಂಟು. ಈಕೆಗೆ ಅಗತ್ಯ ಉಂಟು. ಅರ್ಹತೆ ಇಲ್ಲ." ಶೆಟ್ಟರು ಬೇಸರದಿಂದಲೇ ಹೇಳಿದರು. ಅವರು ಕೆಟ್ಟ ಮನುಷ್ಯರಲ್ಲ.

ಯಂತ್ರವನ್ನು ಸುಮ್ಮನೆ ಇಟ್ಟರೆ ಇಲಾಖೆ ಹಿಂದಕ್ಕೆ ಒಯ್ಯುವ ಭಯವಿತ್ತು. ಹಾಗಾಗಿ ಅರ್ಹರನ್ನು ಕರೆಯಲಾಯಿತು. ಮೊದಲು ಬಂದವರು ಕಂಟ್ರಾಕ್ಟರ್ ಸುಬ್ಬಯ್ಯನವರು. ಯಂತ್ರಕ್ಕೆಂದು ಹೊಸ ಕೋಣೆ ಕಟ್ಟಿಸಿದ್ದು ಅವರೇ; ಮಾಡು ಹೊದೆಸುವುದು ಮಾತ್ರ ಬಾಕಿ ಇತ್ತು, ಅದರ ಬಿಲ್ಲು ಪಾವತಿಯಾಗಿತ್ತು. ಅವರು ನೀರು ನುಂಗಿದಾಗ ಮುಳ್ಳು ಕಾಗದದ ಅಂಚು ದಾಟಿ ಮೇಜಿನ ಮೇಲೆ ಗೆರೆ ಎಳೆಯಿತು. ಅಂಥ ಅನ್ನನಾಳ ಜಿಲ್ಲೆಯಲ್ಲೇ ಇನ್ನೊಂದಿರಲಿಕ್ಕಿಲ್ಲ ಎಂದು ಎಲ್ಲರೂ ಒಪ್ಪಿದರು. ಆ ಕಾಗದಕ್ಕೆ ಕಟ್ಟು ಹಾಕಿಸಿ ಆಫೀಸಿನಲ್ಲಿ ತೂಗುಹಾಕಲಾಯಿತು. ಮುಂದಿನ ತಿಂಗಳಿಂದ, ಸರಕಾರಿ ಕೆಲಸದ ಟೆಂಡರು ಹಾಕುವವರು ತಮ್ಮ ನುಂಗುವ ಸಾಮರ್ಥ್ಯದ ಗೆರೆಯನ್ನು ಲಗತ್ತಿಸತಕ್ಕದ್ದು ಎಂಬ ಪ್ರಕಟಣೆಯೂ ಹೊರಬಿತ್ತು. ಬೆಳ್ತಂಗಡಿಯಿಂದ, ಮೂಡುಬಿದಿರೆಯಿಂದ ಕಂಟ್ರಾಕ್ಟರುಗಳು ಮೊದಲ ಬಸ್ಸಿಗೇ ಬಂದು ಸಾಲು ನಿಲ್ಲತೊಡಗಿದರು.

ರುಕಿಯಾ ಅದೇ ಸಾಲಿನ ಪಕ್ಕದ ಬೆಂಚಿನಲ್ಲಿ ಕೂತಿರುತ್ತಿದ್ದಳು. ಒಂದು ದಿನ ಅವಳು ಕೂತಲ್ಲೇ ಒರಗಿದಳು. ಡಾಕ್ಟರು ಗ್ಲೂಕೋಸ್ ಬಾಟಲಿ ಏರಿಸಿ ನೇರವಾಗಿ ಶೆಟ್ಟರ ಮೇಜಿಗೆ ಹೋದರು.

"ಹೀಗೇ ಬಿಟ್ಟರೆ ಈಕೆ ಉಳಿಯುವುದಿಲ್ಲ, ಶೆಟ್ರೇ."

ಶೆಟ್ಟರು ತುಂಬ ಹೊತ್ತು ನಿಯಮಾವಳಿ ಮಗುಚಿ ಹಾಕಿದರು. ಕೊನೆಗೆ ಒಂದು ದಾರಿ ಸಿಕ್ಕಿತು. ಅಶಕ್ತರ ಪರವಾಗಿ ಅವರ ಹತ್ತಿರದ ಸಂಬಂಧಿ ಹಾಜರಾಗಬಹುದು. ಕೂಡಲೇ ಅವಳ ಗಂಡ ಅಬ್ದುಲ್ ಶುಕೂರನನ್ನು ಕರೆಸಲಾಯಿತು. ಪಾಣೆಮಂಗಳೂರಿನಲ್ಲಿ ಮೀನು ಮಾರುವ ಸಾಧು ಮನುಷ್ಯ. ಮೂಗಿನೊಳಗೆ ನಳಿಗೆ ಹಾಕಿಸಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ, ಹೇಳಿದಷ್ಟು ಸಲ ನುಂಗಿದ. ಗೆರೆ ಸೊಗಸಾಗಿ ಬಂತು. ರುಕಿಯಾಳಿಗೆ ಯಾವ ರೋಗವೂ ಇಲ್ಲವೆಂದು ಶೆಟ್ಟರು ಮೊಹರು ಒತ್ತಿದರು.

"ಖುಷಿಯ ಸಂಗತಿ ಅಲ್ಲವಾ?" ಎಂದರು.

ರುಕಿಯಾ ಬೆಂಚಿನಿಂದ ನಿಧಾನವಾಗಿ ಎದ್ದಳು. ಅವಳಿಗೆ ಜೋರಾಗಿ ಮಾತಾಡುವ ತ್ರಾಣ ಇರಲಿಲ್ಲ.

"ಸಾರ್, ಗಂಡ ಹೆಂಡತಿಯ ಬದಲಿಗೆ ಆಗ್ತದೆ ಅಂತಾದ್ರೆ, ಹೆಂಡತಿ ಗಂಡನ ಬದಲಿಗೆ ಆಗುವುದಿಲ್ವಾ? ಇವರು ನುಂಗ್ತಾರೆ. ಅರ್ಹತೆ ಉಂಟು. ಇವರ ಬದಲಿಗೆ ನಾನು ಕೂತುಕೊಳ್ತೇನೆ."

ಶೆಟ್ಟರು ಕನ್ನಡಕ ತೆಗೆದು ಒರೆಸಿದರು. ಅದನ್ನು ತಡೆಯುವ ನಿಯಮ ಇರಲಿಲ್ಲ.

"ಆಗ್ತದೆ," ಎಂದರು. ಅವರ ದನಿ ಕೂಡ ಸ್ವಲ್ಪ ಹಗುರಾಗಿತ್ತು.

ಹೀಗೆ ರುಕಿಯಾಳ ಮೂಗಿಗೆ ಇಳಿಸಿದ ನಳಿಗೆಯಲ್ಲಿ ಅಬ್ದುಲ್ ಶುಕೂರನ ಪರೀಕ್ಷೆ ನಡೆಯಿತು. ಅವಳು ನುಂಗಿದರೂ ಅನ್ನನಾಳದ ಗೆರೆ ಏಳದೆ ಮಲಗಿಯೇ ಇತ್ತು. ಹೊಟ್ಟೆಗೆ ತೆರೆಯಬೇಕಾದ ಕೆಳಗಿನ ಬಾಗಿಲು ಮಾತ್ರ ಬಿಗಿದು ಕೂತಿತ್ತು. "ಸಿಕ್ಕಿತು. ಇದಕ್ಕೆ ಆಪರೇಷನ್ ಉಂಟು," ಎಂದು ಡಾಕ್ಟರು ಅದೇ ದಿನ ಮಂಗಳೂರಿಗೆ ಬರೆದುಕೊಟ್ಟರು. ಹೆಸರು ಅಬ್ದುಲ್ ಶುಕೂರ್, ಗಂಡಸು.

ಮಂಗಳೂರಿನ ಸರ್ಜನ್ನರು ಒಮ್ಮೆ ಚೀಟಿಯನ್ನೂ ಒಮ್ಮೆ ಅವಳನ್ನೂ ನೋಡಿದರು. "ನಾನು ಕೊಯ್ಯುವುದು ಹೆಸರನ್ನಲ್ಲ," ಎಂದು ಕೈ ತೊಳೆಯಲು ಹೋದರು. ಹೆಂಗಸರ ವಾರ್ಡಿನಲ್ಲಿ ದಿನಾ ಬೆಳಿಗ್ಗೆ ನರ್ಸು "ಅಬ್ದುಲ್ ಶುಕೂರ್" ಎಂದು ಕೂಗುವಾಗ ರುಕಿಯಾ "ಇದ್ದೇನೆ" ಎನ್ನುತ್ತಿದ್ದಳು. ಯಾರೂ ತಲೆ ಎತ್ತಿ ನೋಡಲಿಲ್ಲ.

ಅವಳು ಗುಣವಾಗಿ ಮನೆಗೆ ಬಂದ ಮೇಲೆ ಆಸ್ಪತ್ರೆಯ ಆದೇಶವೂ ಹಿಂದೆಯೇ ಬಂತು. ಶಸ್ತ್ರಚಿಕಿತ್ಸೆಗೆ ಒಳಗಾದ ಶ್ರೀ ಅಬ್ದುಲ್ ಶುಕೂರ್ ಇವರು ಮುಂದಿನ ಆದೇಶದವರೆಗೆ ತೆಳು ಗಂಜಿ ಮಾತ್ರ ಸೇವಿಸತಕ್ಕದ್ದು, ಭಾರ ಎತ್ತತಕ್ಕದ್ದಲ್ಲ. ಪಾಲನೆಯಾಗುತ್ತಿದೆಯೇ ಎಂದು ನೋಡಲು ಆರೋಗ್ಯ ಕಾರ್ಯಕರ್ತೆ ಮನೋರಮಾ ಊಟದ ಹೊತ್ತಿಗೆ ಬರುತ್ತಿದ್ದಳು.

ಶುಕೂರ ತಕರಾರು ಮಾಡಲಿಲ್ಲ. ಮೀನಿನ ಬುಟ್ಟಿಯನ್ನು ತಮ್ಮನಿಗೆ ಒಪ್ಪಿಸಿ ಗೋಡೆಗೆ ಒರಗಿ ಕೂತು ಗಂಜಿ ಕುಡಿಯುತ್ತಿದ್ದ. ಎದುರಿಗೆ ರುಕಿಯಾ ಅಕ್ಕಿರೊಟ್ಟಿಯನ್ನು ಬಂಗುಡೆ ಸಾರಿನಲ್ಲಿ ಅದ್ದಿ ತಿನ್ನುತ್ತಿದ್ದಳು. ಒಂದೊಂದು ತುತ್ತೂ ಎದೆ ದಾಟಿ ಇಳಿಯುವುದನ್ನು ಕಣ್ಣುಮುಚ್ಚಿ ಕೇಳುತ್ತಿದ್ದಳು.

"ಹೇಗಿದ್ದೀರಿ ಶುಕೂರ್‌ಕಾಕ?" ಮನೋರಮಾ ಕೇಳಿದಳು.

"ಮೊದಲಿಗಿಂತ ಅಡ್ಡಿ ಇಲ್ಲ," ಎಂದ ಶುಕೂರ. "ಈಗ ನೋವು ಕಡಿಮೆ ಉಂಟು."

"ಹಾಗಾದರೆ ಇನ್ನೂ ಸ್ವಲ್ಪ ದಿನ ಗಂಜಿಯೇ ಇರಲಿ," ಎಂದಳು ಮನೋರಮಾ.

ರುಕಿಯಾ ಅವನ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಬಡಿಸಿ, ಉಪ್ಪು ಸಾಕಾ ಎಂದು ಕೇಳಿದಳು.